ಹಿಂಡಿದ ಯೀಸ್ಟ್ ರಸ ಒಡ್ಡಿದ ಒಗಟು

ಒಂದು ಗ್ಲೂಕೋಸ್ ಅಣು ಹುದುಗಿದರೆ ಜೀವಕೋಶಕ್ಕೆ ಎರಡು ಎಟಿಪಿ ಅಣುಗಳ ನಿವ್ವಳ ಲಾಭ. ಪಿಯುಸಿ ವಿದ್ಯಾರ್ಥಿಗಳು ಇದನ್ನು ಬಾಯಿಪಾಠ ಮಾಡಿರುತ್ತಾರೆ. ಆದರೆ ಆ ಎರಡು ಅಣುಗಳನ್ನು ಯಾರೂ ಖರ್ಚು ಮಾಡದಿದ್ದರೆ ಏನಾಗುತ್ತದೆ? ತರಗತಿಯಲ್ಲಿ ಈ ಪ್ರಶ್ನೆ ಏಳುವುದು ಅಪರೂಪ. ಜೀವರಸಾಯನ ವಿಜ್ಞಾನದ ಎದುರು ಇದು ಬೇರೊಂದು ವೇಷದಲ್ಲಿ 1906ರಲ್ಲೇ ಬಂದು ನಿಂತಿತ್ತು. ಉತ್ತರ ಸಿಕ್ಕಿದ್ದು ಸುಮಾರು ನಲವತ್ತು ವರ್ಷಗಳ ಬಳಿಕ.

ಅದಕ್ಕೂ ಹಿಂದಿನ ಜಗಳ ಹೀಗಿತ್ತು. ಸಕ್ಕರೆ ಆಲ್ಕೊಹಾಲ್ ಆಗುವುದು ಜೀವಂತ ಯೀಸ್ಟ್ ಕೋಶದ ಕೆಲಸ, ಜೀವವಿಲ್ಲದೆ ಅದು ಸಾಧ್ಯವಿಲ್ಲ ಎಂದು ಲೂಯಿ ಪಾಶ್ಚರ್ ವಾದಿಸಿದ್ದರು. ಜರ್ಮನಿಯ ಲೀಬಿಗ್ ಅವರದು ವಿರುದ್ಧ ನಿಲುವು: ಅದೊಂದು ರಾಸಾಯನಿಕ ಕ್ರಿಯೆ ಮಾತ್ರ. ಇಬ್ಬರೂ ಬದುಕಿರುವವರೆಗೆ ಇದು ತೀರ್ಮಾನವಾಗಲಿಲ್ಲ.

1897ರಲ್ಲಿ ಎಡ್ವರ್ಡ್ ಬುಕ್ನರ್ ಇದನ್ನು ಇತ್ಯರ್ಥ ಮಾಡಿದರು. ಅವರು ಯೀಸ್ಟನ್ನು ಮರಳು ಮತ್ತು ಡಯಾಟಮ್ ಮಣ್ಣಿನೊಂದಿಗೆ ಅರೆದು, ಬಟ್ಟೆಯಲ್ಲಿ ಕಟ್ಟಿ, ಒತ್ತುಯಂತ್ರದಿಂದ ಹಿಂಡಿ ರಸ ತೆಗೆದರು. ರಸ ಬೇಗ ಕೆಡುತ್ತಿತ್ತು. ಹಣ್ಣಿನ ಮುರಬ್ಬಕ್ಕೆ ಹಾಕುವಂತೆ, ಕೆಡದಿರಲೆಂದು ಅದಕ್ಕೆ ಸಕ್ಕರೆ ಬೆರೆಸಲಾಯಿತು. ರಸದಿಂದ ಗುಳ್ಳೆಗಳು ಏಳತೊಡಗಿದವು! ಕಾರ್ಬನ್ ಡೈಆಕ್ಸೈಡ್ ಹೊರಬರುತ್ತಿತ್ತು, ಆಲ್ಕೊಹಾಲ್ ಉತ್ಪತ್ತಿಯಾಗುತ್ತಿತ್ತು. ರಸದಲ್ಲಿ ಮಾತ್ರ ಒಂದೂ ಜೀವಂತ ಕೋಶವಿರಲಿಲ್ಲ. ಕೆಲಸ ಮಾಡಿದ್ದು ಕಿಣ್ವ. ಬುಕ್ನರ್ ಅದನ್ನು 'ಝೈಮೇಸ್' ಎಂದು ಕರೆದರು. ಅದು ಒಂದು ಕಿಣ್ವವಲ್ಲ, ಕಿಣ್ವಗಳ ಒಂದು ಗುಂಪೇ ಎಂಬುದು ಆಮೇಲೆ ತಿಳಿಯಿತು. 1907ರಲ್ಲಿ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಪ್ರಶಸ್ತಿ ಬಂದಿತು.

ಇತಿಹಾಸದ ಪಾಠ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆದರೆ ಒಂದು ಮುಜುಗರದ ಸಂಗತಿ ಉಳಿದಿತ್ತು. ರಸವು ಜೀವಂತ ಯೀಸ್ಟಿನಷ್ಟು ಚುರುಕಾಗಿರಲಿಲ್ಲ. ಸ್ವಲ್ಪ ಹೊತ್ತು ಗುಳ್ಳೆ ಎಬ್ಬಿಸಿ ಮಂಕಾಗುತ್ತಿತ್ತು. ಕಿಣ್ವಗಳೆಲ್ಲ ಇದ್ದರೂ ಏಕೆ ಹೀಗೆ? ಜೀವಶಕ್ತಿಯ ಪರ ಇದ್ದವರಿಗೆ ಇಲ್ಲೊಂದು ಸಂದು ಕಾಣುವಂತಿತ್ತು.

ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಈ ರಸದ ಬೆನ್ನುಹತ್ತಿದರು. ಅವರು ಅದನ್ನು ಜೆಲಟಿನ್ ಶೋಧಕದ ಮೂಲಕ ಸೋಸಿದರು. ಸೋಸಿಬಂದ ದ್ರವವಾಗಲಿ, ಮೇಲುಳಿದ ಭಾಗವಾಗಲಿ ಒಂಟಿಯಾಗಿ ಹುದುಗಿಸಲಿಲ್ಲ. ಬೆರೆಸಿದಾಗ ಮತ್ತೆ ಕ್ರಿಯೆ ನಡೆಯಿತು. ಸೋಸಿದ ದ್ರವವನ್ನು ಕುದಿಸಿದರೂ ಅದರ ಗುಣ ಕೆಡಲಿಲ್ಲ. ಹಾಗಾಗಿ ಕಿಣ್ವದ ಜೊತೆಗೆ ಶಾಖಕ್ಕೆ ಜಗ್ಗದ, ಪುಟ್ಟ ಅಣುವಿನ ಸಹಕಿಣ್ವವೂ ಬೇಕೆಂದಾಯಿತು. ಎರಡನೆಯ ಸಂಗತಿ ಇನ್ನೂ ವಿಚಿತ್ರ. ಮಂಕಾದ ರಸಕ್ಕೆ ಫಾಸ್ಫೇಟ್ ಸೇರಿಸಿದೊಡನೆ ಗುಳ್ಳೆಗಳು ಭರದಿಂದ ಎದ್ದವು. ಸೇರಿಸಿದ ಫಾಸ್ಫೇಟಿನ ಅಣುವೊಂದಕ್ಕೆ ಸರಿಯಾಗಿ ಒಂದು ಕಾರ್ಬನ್ ಡೈಆಕ್ಸೈಡ್ ಅಣು ಹೆಚ್ಚುವರಿಯಾಗಿ ಬಂದು, ಮತ್ತೆ ರಸ ಮಂಕಾಯಿತು. ಹಾಕಿದ ಫಾಸ್ಫೇಟ್ ಎಲ್ಲಿಗೆ ಹೋಯಿತು? ಅದು ಸಕ್ಕರೆಗೆ ಅಂಟಿಕೊಂಡಿತ್ತು: ಎರಡು ಫಾಸ್ಫೇಟ್ ಹೊತ್ತ ಸಕ್ಕರೆ ರಸದಲ್ಲಿ ಶೇಖರವಾಗಿತ್ತು. ಜೀವಂತ ಯೀಸ್ಟಿನಲ್ಲಿ ಹೀಗೆ ರಾಶಿ ಬೀಳುವುದಿಲ್ಲ. ಒಗಟಿನ ತಿರುಳು ಇದೇ.

ಮುಂದಿನ ಸುಳಿವು ಬಂದದ್ದು ಯೀಸ್ಟಿನಿಂದಲ್ಲ, ಸ್ನಾಯುವಿನಿಂದ. ಅಮೆರಿಕದ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಅವರ ಜೊತೆ ಭೀಮವರಂನಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಕೆಲಸ ಮಾಡುತ್ತಿದ್ದರು. ಇವರಿಬ್ಬರು 1925ರಲ್ಲಿ ಫಾಸ್ಫೇಟನ್ನು ಅಳೆಯುವ ಸುಲಭ ವಿಧಾನವೊಂದನ್ನು ಪ್ರಕಟಿಸಿದರು. ಮಾಲಿಬ್ಡೇಟ್ ಸೇರಿಸಿ ನೀಲಿ ಬಣ್ಣ ಬರಿಸಿ, ಬಣ್ಣದ ಗಾಢತೆಯಿಂದ ಪ್ರಮಾಣ ತಿಳಿಯುವುದು ಅದರ ಕ್ರಮ. ಇದನ್ನು ಬರಿಯ ಅಳತೆಯ ಕೆಲಸ ಎನ್ನಬಾರದು. ಇದೇ ವಿಧಾನ ಹಿಡಿದು ಅವರು ಸ್ನಾಯುವಿನಲ್ಲಿ 1927ರಲ್ಲಿ ಫಾಸ್ಫೋಕ್ರಿಯಾಟಿನನ್ನೂ 1929ರಲ್ಲಿ ಅಡಿನೊಸಿನ್ ಟ್ರೈಫಾಸ್ಫೇಟನ್ನೂ, ಅಂದರೆ ಎಟಿಪಿಯನ್ನೂ, ಗುರುತಿಸಿದರು. ಅದೇ ವರ್ಷ ಜರ್ಮನಿಯಲ್ಲಿ ಆಟೊ ಮೇಯರ್‌ಹಾಫ್ ಅವರ ಪ್ರಯೋಗಾಲಯದ ಕಾರ್ಲ್ ಲೋಹ್ಮನ್ ಕೂಡ ಎಟಿಪಿಯನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರು. (ಆನೆಕಾಲು ರೋಗದ ವಿರುದ್ಧ ಹಂಚುವ ಡಿಇಸಿ ಗುಳಿಗೆಯೂ ಮುಂದೆ ಸುಬ್ಬರಾವ್ ಅವರ ನೇತೃತ್ವದಲ್ಲೇ ರೂಪುಗೊಂಡಿತು.)

1941ರಲ್ಲಿ ಫ್ರಿಟ್ಜ್ ಲಿಪ್‌ಮನ್ ಎಟಿಪಿಯನ್ನು ಕೋಶದ ಶಕ್ತಿ ವಿನಿಮಯದ ಕೇಂದ್ರದಲ್ಲಿ ಇಟ್ಟರು. 'ಅಧಿಕ ಶಕ್ತಿಯ ಬಂಧ' ಎಂಬ ಅವರ ಮಾತು ತುಂಬ ಉಪಯೋಗಕ್ಕೆ ಬಂದಿತು, ಅಷ್ಟೇ ಗೊಂದಲವನ್ನೂ ತಂದಿತು. ಬಂಧ ಮುರಿಯಲು ಶಕ್ತಿ ಬೇಕೇ ಹೊರತು ಮುರಿದರೆ ಶಕ್ತಿ ಸಿಡಿಯುವುದಿಲ್ಲ. ಎಟಿಪಿ ನೀರಿನೊಂದಿಗೆ ವರ್ತಿಸಿ ಹೆಚ್ಚು ಸ್ಥಿರವಾದ ವಸ್ತುಗಳಾಗುವುದರಿಂದ ಒಟ್ಟಿನಲ್ಲಿ ಶಕ್ತಿ ಬಿಡುಗಡೆಯಾಗುತ್ತದೆ. ಅಧ್ಯಾಪಕರು ಇದನ್ನು ಬಿಡಿಸಿ ಹೇಳುವುದು ಒಳ್ಳೆಯದು.

ಕೊನೆಗೆ ಒಗಟು ಬಿಡಿಸಿದವರು ಮೇಯರ್‌ಹಾಫ್. ಯಹೂದಿಯಾದ ಅವರು 1938ರಲ್ಲಿ ಜರ್ಮನಿ ಬಿಟ್ಟು ಪ್ಯಾರಿಸ್ಸಿಗೆ, 1940ರಲ್ಲಿ ಅಲ್ಲಿಂದಲೂ ಅಮೆರಿಕಕ್ಕೆ ಹೋಗಬೇಕಾಯಿತು. ಅಲ್ಲಿ 1945ರಲ್ಲಿ ಪ್ರಕಟಿಸಿದ ವಿವರಣೆ ಸರಳವಾಗಿದೆ. ಗ್ಲೂಕೋಸ್ ಹುದುಗುವ ಹಾದಿಯ ಆರಂಭದಲ್ಲಿ ಎರಡು ಎಟಿಪಿ ಖರ್ಚಾಗುತ್ತವೆ, ಕೊನೆಯಲ್ಲಿ ನಾಲ್ಕು ಬರುತ್ತವೆ. ಬರಬೇಕಾದರೆ ಎಡಿಪಿಯೂ ಬಿಡಿ ಫಾಸ್ಫೇಟೂ ಬೇಕು. ಜೀವಂತ ಕೋಶ ಪ್ರೋಟೀನ್ ಕಟ್ಟಲು, ಅಯಾನುಗಳನ್ನು ಸಾಗಿಸಲು ಎಟಿಪಿಯನ್ನು ಸದಾ ಖರ್ಚು ಮಾಡುತ್ತಿರುತ್ತದೆ. ಎಡಿಪಿ, ಫಾಸ್ಫೇಟ್ ಎರಡೂ ಮರಳಿ ಸಿಗುತ್ತವೆ. ಹಿಂಡಿದ ರಸದಲ್ಲಿ ಖರ್ಚಿನ ಬಾಬತ್ತೇ ಇಲ್ಲ. ಎಟಿಪಿಯನ್ನು ಒಡೆಯುವ ಕಿಣ್ವವೂ ರಸ ತೆಗೆಯುವಾಗ ಬಹುಮಟ್ಟಿಗೆ ನಷ್ಟವಾಗಿರುತ್ತದೆ. ಒಂದು ಗ್ಲೂಕೋಸಿನಿಂದ ದೊರೆತ ಎರಡು ಎಟಿಪಿ ಇನ್ನೊಂದು ಗ್ಲೂಕೋಸಿಗೆ ಫಾಸ್ಫೇಟ್ ಅಂಟಿಸುತ್ತವೆ. ಬಿಡಿ ಫಾಸ್ಫೇಟ್ ತೀರಿದ ಮೇಲೆ ಆ ಸಕ್ಕರೆ ಮುಂದೆ ಸಾಗಲಾರದೆ ನಿಲ್ಲುತ್ತದೆ. ಎಟಿಪಿಯನ್ನು ಒಡೆಯುವ ಕಿಣ್ವವನ್ನು ಆಲೂಗಡ್ಡೆಯಿಂದ ತೆಗೆದು ರಸಕ್ಕೆ ಬೆರೆಸಿದಾಗ ಹುದುಗುವಿಕೆ ಚುರುಕಾಗಿ ಮುಂದುವರಿಯಿತು. ಕೊರತೆಯಾಗಿದ್ದುದು ಜೀವಶಕ್ತಿಯಲ್ಲ, ಖರ್ಚು.

ಹಾರ್ಡನ್ ಮತ್ತು ಯಂಗ್ ಗಮನಿಸಿದ್ದ ಇನ್ನೊಂದು ವಿಚಿತ್ರಕ್ಕೂ ಈಗ ಅರ್ಥ ಬರುತ್ತದೆ. ಫಾಸ್ಫೇಟಿನ ಬದಲು ವಿಷವಾದ ಆರ್ಸೆನೇಟನ್ನು ತುಸು ಹಾಕಿದರೂ ರಸ ಚುರುಕಾಗುತ್ತಿತ್ತು, ಬೇಗ ಮಂಕಾಗುತ್ತಲೂ ಇರಲಿಲ್ಲ. ಆರ್ಸೆನೇಟ್ ಹಾದಿಯ ಒಂದು ಹಂತದಲ್ಲಿ ಫಾಸ್ಫೇಟಿನ ಜಾಗಕ್ಕೆ ನುಗ್ಗುತ್ತದೆ. ಆಗ ಉಂಟಾಗುವ ಸಂಯುಕ್ತ ತಾನಾಗಿಯೇ ಒಡೆದುಹೋಗುವುದರಿಂದ ಆ ಹಂತದ ಎಟಿಪಿ ದೊರೆಯುವುದಿಲ್ಲ. ಸಕ್ಕರೆ ಉರುಳುತ್ತಲೇ ಇರುತ್ತದೆ, ನಿವ್ವಳ ಲಾಭ ಸೊನ್ನೆ. ಅದೇ ವಸ್ತು ಜೀವಂತ ಕೋಶದೊಳಗೆ ಹೊಕ್ಕರೆ ಏನಾಗುತ್ತದೆಂದು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು.