ಸಾರ್ವಜನಿಕ ಉದ್ಯಾನವನಗಳ ನಿರ್ವಹಣೆ ಮತ್ತು ಅಭಿವೃದ್ಧಿ: ಸ್ಥಳೀಯ ಸಂಸ್ಥೆಗಳ ತೀರ್ಮಾನದ ವ್ಯಾಪ್ತಿ

ನಗರ ಮತ್ತು ಪಟ್ಟಣ ಪ್ರದೇಶಗಳಲ್ಲಿರುವ ಉದ್ಯಾನವನಗಳ ಬಗ್ಗೆ ತೀರ್ಮಾನ ಕೈಗೊಳ್ಳುವ ಅಧಿಕಾರ ಯಾರಿಗಿದೆ, ಆ ಅಧಿಕಾರದ ಮಿತಿ ಎಲ್ಲಿಯವರೆಗೆ, ಸಾರ್ವಜನಿಕರು ಯಾವ ದಾಖಲೆಗಳನ್ನು ಪರಿಶೀಲಿಸಬಹುದು ಎಂಬ ಮಾಹಿತಿಯನ್ನು ಈ ಪುಟದಲ್ಲಿ ನೀಡಲಾಗಿದೆ. ಉದ್ಯಾನವನದಲ್ಲಿ ಏನು ಮಾಡಬೇಕೆಂಬುದನ್ನು ಸ್ಥಳೀಯ ಸಂಸ್ಥೆಯು ತೀರ್ಮಾನಿಸಬಹುದು. ಆ ಜಾಗವು ಉದ್ಯಾನವನವಾಗಿ ಉಳಿಯಬೇಕೇ ಬೇಡವೇ ಎಂಬುದನ್ನು ಕೇವಲ ಒಂದು ಠರಾವಿನ ಮೂಲಕ ತೀರ್ಮಾನಿಸಲು ಬರುವುದಿಲ್ಲ. ಈ ವ್ಯತ್ಯಾಸವು ಸ್ಪಷ್ಟವಾಗಿಲ್ಲದ ಕಡೆ ವಿವಾದಗಳು ಉದ್ಭವಿಸುತ್ತವೆ.

ಯಾವ ಉದ್ಯಾನವನ ಯಾರ ಅಧೀನದಲ್ಲಿದೆ

ಎಲ್ಲ ಉದ್ಯಾನವನಗಳೂ ಸ್ಥಳೀಯ ಸಂಸ್ಥೆಗಳ ಅಧೀನದಲ್ಲಿಲ್ಲ. ಬೆಂಗಳೂರಿನ ಲಾಲ್‌ಬಾಗ್ ಮತ್ತು ಕಬ್ಬನ್ ಉದ್ಯಾನ, ಮೈಸೂರಿನ ಕರ್ಜನ್ ಪಾರ್ಕ್ ಮುಂತಾದವು ರಾಜ್ಯ ಸರ್ಕಾರದ ತೋಟಗಾರಿಕೆ ಇಲಾಖೆಗೆ ಸೇರಿವೆ. ಸರ್ಕಾರಿ ಉದ್ಯಾನವನಗಳ ಸಂರಕ್ಷಣೆಗಾಗಿ 1975ರಲ್ಲಿ ಪ್ರತ್ಯೇಕ ಅಧಿನಿಯಮವನ್ನೇ ಜಾರಿಗೆ ತರಲಾಯಿತು. ಬಡಾವಣೆಗಳ ಉದ್ಯಾನವನಗಳು ನಗರಪಾಲಿಕೆ, ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಗೆ ಸೇರಿರುತ್ತವೆ. ಹಸ್ತಾಂತರವಾಗುವವರೆಗೆ ಬಡಾವಣೆಯನ್ನು ರಚಿಸಿದ ಪ್ರಾಧಿಕಾರದ ಬಳಿಯಲ್ಲಿಯೇ ಇರುತ್ತವೆ. ಬೆಂಗಳೂರಿನಲ್ಲಿ ಈ ಹೊಣೆಯನ್ನು ಹೊತ್ತಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸ್ಥಾನದಲ್ಲಿ 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಾಗೂ ಅದರ ವ್ಯಾಪ್ತಿಯ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದಿವೆ. ದೂರು ಅಥವಾ ಮನವಿಯನ್ನು ಸಲ್ಲಿಸುವ ಮೊದಲು ಉದ್ಯಾನವನವು ಯಾರಿಗೆ ಸೇರಿದ್ದೆಂದು ತಿಳಿದುಕೊಳ್ಳುವುದು ಅವಶ್ಯಕ. ಇಲ್ಲವಾದಲ್ಲಿ ಅರ್ಜಿಯು ಕಛೇರಿಯಿಂದ ಕಛೇರಿಗೆ ವರ್ಗಾವಣೆಯಾಗುವುದರಲ್ಲಿಯೇ ತಿಂಗಳುಗಳು ಕಳೆಯುತ್ತವೆ.

ಸಂವಿಧಾನದ 74ನೇ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಹನ್ನೆರಡನೇ ಅನುಸೂಚಿಯ 12ನೇ ಬಾಬಿನಲ್ಲಿ ಉದ್ಯಾನವನ, ತೋಟ ಮತ್ತು ಆಟದ ಮೈದಾನಗಳಂತಹ ನಗರ ಸೌಕರ್ಯಗಳನ್ನು ನಮೂದಿಸಲಾಗಿದೆ. ಸದರಿ ತಿದ್ದುಪಡಿಯು 1993ರ ಜೂನ್ 1ರಿಂದ ಜಾರಿಯಲ್ಲಿದೆ.

ಮೀಸಲಿಟ್ಟ ಜಾಗ ಮತ್ತು ನಾಗರಿಕ ಸೌಕರ್ಯ ನಿವೇಶನ

ಬಡಾವಣೆಯ ನಕ್ಷೆಯಲ್ಲಿ ಖಾಲಿಯಾಗಿ ಕಾಣುವ ಜಾಗಗಳೆಲ್ಲವೂ ಒಂದೇ ಬಗೆಯವಲ್ಲ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮ, 1976ರ 16ನೇ ಪ್ರಕರಣದ ಅನ್ವಯ ಪ್ರಾಧಿಕಾರದ ಬಡಾವಣೆಯಲ್ಲಿ ಒಟ್ಟು ವಿಸ್ತೀರ್ಣದ ಕನಿಷ್ಠ ಶೇ. 15ರಷ್ಟು ಜಾಗವನ್ನು ಉದ್ಯಾನವನ ಮತ್ತು ಆಟದ ಮೈದಾನಗಳಿಗೂ, ಇದಲ್ಲದೆ ಕನಿಷ್ಠ ಶೇ. 10ರಷ್ಟು ಜಾಗವನ್ನು ನಾಗರಿಕ ಸೌಕರ್ಯಗಳಿಗೂ ಕಾದಿರಿಸತಕ್ಕದ್ದು. ಶಾಲೆ, ಆಸ್ಪತ್ರೆ ಮುಂತಾದ ಉದ್ದೇಶಗಳಿಗೆ ಸಂಸ್ಥೆಗಳಿಗೆ ಹಂಚಿಕೆಯಾಗುವುದು ಎರಡನೆಯ ಬಗೆಯ ಜಾಗ, ಅಂದರೆ ಜನರು ಸಿ.ಎ. ಸೈಟ್ ಎಂದು ಕರೆಯುವ ನಿವೇಶನ. ಅದೇ ಅಧಿನಿಯಮದ 38-ಎ ಪ್ರಕರಣದ ಪ್ರಕಾರ ಕಾದಿರಿಸಿದ ಜಾಗವನ್ನು ಬೇರೊಂದು ಉದ್ದೇಶಕ್ಕೆ ವಿಲೇ ಮಾಡಿದಲ್ಲಿ ಅಂತಹ ವಿಲೇವಾರಿಯು ಶೂನ್ಯವೂ ಅನೂರ್ಜಿತವೂ ಆಗುತ್ತದೆ.

ಈ ವ್ಯತ್ಯಾಸವನ್ನು ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಖಚಿತಪಡಿಸಿತು. ಉದ್ಯಾನವನಗಳಿಗೆ ಸಂಬಂಧಿಸಿದ ಕಡತಗಳಲ್ಲಿ ಇಂದಿಗೂ ಉಲ್ಲೇಖಿಸಲಾಗುವ ತೀರ್ಪು ಇದಾಗಿರುವುದರಿಂದ ಪ್ರಕರಣದ ಸಾರಾಂಶವನ್ನು ಇಲ್ಲಿ ಸ್ವಲ್ಪ ವಿವರವಾಗಿ ನೀಡಲಾಗಿದೆ.

ಸ್ಯಾಂಕಿ ಕೆರೆಯ ಸಮೀಪ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ, ಬೆಂಗಳೂರು ನಗರಾಭಿವೃದ್ಧಿ ಅಧಿನಿಯಮ, 1945ರ ಅಡಿಯಲ್ಲಿ ಮಂಜೂರಾದ ಯೋಜನೆಯಂತೆ ಒಂದು ಬಯಲು ಜಾಗವನ್ನು ಉದ್ಯಾನವನಕ್ಕಾಗಿ ಮೀಸಲಿಡಲಾಗಿತ್ತು. ಆ ಯೋಜನೆಯಲ್ಲಿ ಉದ್ಯಾನವನ ಅಥವಾ ಆಟದ ಮೈದಾನಕ್ಕೆಂದು ಉಳಿದಿದ್ದ ಜಾಗ ಅದೊಂದೇ ಎಂದು ನ್ಯಾಯಾಲಯದ ಮುಂದೆ ಹೇಳಲಾಗಿತ್ತು. 1976ರಲ್ಲಿ ಸರ್ಕಾರದ ಆದೇಶಗಳ ಮೇರೆಗೆ ಪ್ರಾಧಿಕಾರವು ಠರಾವು ಮಾಡಿ ಆ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿ ನ್ಯಾಸವೊಂದಕ್ಕೆ ಹಂಚಿಕೆ ಮಾಡಿತು. ಬಡಾವಣೆಯ ನಿವಾಸಿಗಳು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆಸ್ಪತ್ರೆಯೂ ನಾಗರಿಕ ಸೌಕರ್ಯವೇ ಆಗಿರುವುದರಿಂದ ಹಂಚಿಕೆಯು ಸಿಂಧುವೆಂದು ಏಕಸದಸ್ಯ ಪೀಠವು ಅರ್ಜಿಯನ್ನು ವಜಾ ಮಾಡಿತು. ವಿಭಾಗೀಯ ಪೀಠವು ಹಂಚಿಕೆಯನ್ನು ರದ್ದುಪಡಿಸಿತು, ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮೆನ್ ಮತ್ತು ಆರ್.ಎಂ. ಸಹಾಯ್ ಅವರನ್ನೊಳಗೊಂಡ ಸರ್ವೋಚ್ಚ ನ್ಯಾಯಾಲಯದ ಪೀಠವು ಅದನ್ನು ಎತ್ತಿಹಿಡಿಯಿತು.

ತೀರ್ಪಿನ ಅಂಶಗಳ ಪೈಕಿ ಸ್ಥಳೀಯ ಸಂಸ್ಥೆಗಳು ಗಮನಿಸಬೇಕಾದವು ಮೂರು. ಖಾಸಗಿ ಆಸ್ಪತ್ರೆಯು ಎಷ್ಟೇ ಉಪಯುಕ್ತವಾಗಿದ್ದರೂ ಉದ್ಯಾನವನಕ್ಕೆ ಬದಲಿಯಾಗಲಾರದು. ಉದ್ಯಾನವನವು ಪ್ರದೇಶದ ಎಲ್ಲರಿಗೂ ಸೇರಿದ ಸೌಕರ್ಯ. ಪ್ರಾಧಿಕಾರಕ್ಕೆ ನಿರ್ದೇಶನ ನೀಡುವ ಅಧಿಕಾರವನ್ನು ಅಧಿನಿಯಮದ ಉದ್ದೇಶಗಳನ್ನು ಈಡೇರಿಸಲು ಸರ್ಕಾರಕ್ಕೆ ಕೊಡಲಾಗಿದೆಯೇ ಹೊರತು ಮಂಜೂರಾದ ಯೋಜನೆಯನ್ನು ಬದಿಗೊತ್ತಲು ಅಲ್ಲ. ಬಡಾವಣೆಯ ನಿವಾಸಿಗಳು ಹೊರಗಿನವರಲ್ಲ, ಇಂತಹ ತೀರ್ಮಾನವನ್ನು ಪ್ರಶ್ನಿಸುವ ಹಕ್ಕು ಅವರಿಗಿದೆ. ಹಂಚಿಕೆಯಿಂದ ಅಂತಿಮ ತೀರ್ಪಿನವರೆಗೆ 15 ವರ್ಷಗಳು ಸಂದವು ಎಂಬುದನ್ನೂ ಇಲ್ಲಿ ಗಮನಿಸಬಹುದು. ಹಂಚಿಕೆಯ ಹಂತದಲ್ಲಿಯೇ ನಕ್ಷೆಯನ್ನು ಮುಂದಿಟ್ಟುಕೊಂಡು ಕಡತವನ್ನು ಪರಿಶೀಲಿಸಿದ್ದಲ್ಲಿ ಇಷ್ಟು ದೀರ್ಘ ವ್ಯಾಜ್ಯಕ್ಕೆ ಅವಕಾಶವಿರುತ್ತಿರಲಿಲ್ಲ.

1985ರ ಅಧಿನಿಯಮ

ರಾಜ್ಯದ ಉಳಿದ ನಗರ ಮತ್ತು ಪಟ್ಟಣಗಳಿಗೂ ಅನ್ವಯಿಸುವಂತಹ ರಕ್ಷಣೆಯನ್ನು ಕರ್ನಾಟಕ ಉದ್ಯಾನವನಗಳು, ಆಟದ ಮೈದಾನಗಳು ಮತ್ತು ಬಯಲು ಜಾಗಗಳ (ಸಂರಕ್ಷಣೆ ಮತ್ತು ನಿಯಂತ್ರಣ) ಅಧಿನಿಯಮ, 1985ರಲ್ಲಿ ಕಲ್ಪಿಸಲಾಯಿತು. ಇದರ ವಿಧಾನ ಸರಳವಾಗಿದೆ: ಸ್ಥಳೀಯ ಸಂಸ್ಥೆಯು ತನ್ನ ವ್ಯಾಪ್ತಿಯ ಉದ್ಯಾನವನ, ಮೈದಾನ ಮತ್ತು ಬಯಲು ಜಾಗಗಳ ಪಟ್ಟಿಯನ್ನು ನಕ್ಷೆ ಸಹಿತ ತಯಾರಿಸಿ ಸರ್ಕಾರಕ್ಕೆ ಸಲ್ಲಿಸುವುದು, ಅನುಮೋದಿತ ಪಟ್ಟಿಯನ್ನು ಪ್ರಕಟಿಸುವುದು. ಪ್ರಕಟಿತ ಪಟ್ಟಿಯಲ್ಲಿರುವ ಜಾಗವನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಬೇರೆ ಉದ್ದೇಶಕ್ಕೆ ಬಳಸುವಂತಿಲ್ಲ.

ಅಧಿನಿಯಮವು ಪಟ್ಟಿಯನ್ನು ಆಧರಿಸಿ ನಿಂತಿರುವುದರಿಂದ ಪಟ್ಟಿಯಲ್ಲಿ ಸೇರದ ಜಾಗವು ಇದರ ಪೂರ್ಣ ಪ್ರಯೋಜನವನ್ನು ಪಡೆಯುವುದಿಲ್ಲ. ಖಾಸಗಿ ಬಡಾವಣೆಗಳಲ್ಲಿ ಈ ತೊಂದರೆ ಹೆಚ್ಚು. ಬಡಾವಣೆಯ ಮಾಲೀಕರು ರಸ್ತೆ ಮತ್ತು ಉದ್ಯಾನವನದ ಜಾಗಗಳನ್ನು ನೋಂದಾಯಿತ ಪತ್ರದ ಮೂಲಕ ಬಿಟ್ಟುಕೊಡುತ್ತಾರೆ. ಆ ಪತ್ರವು ಕಡತದಲ್ಲಿ ಉಳಿದು ಆಸ್ತಿ ವಹಿಯಲ್ಲಿ ನಮೂದಾಗದಿದ್ದರೆ, ಬೇಲಿಯೂ ಬೀಳದೆ ಹತ್ತಾರು ವರ್ಷ ಕಳೆದರೆ, ಜಾಗವು ಮೊದಲು ವಾಹನ ನಿಲ್ದಾಣವಾಗಿ, ನಂತರ ಶೆಡ್ಡಾಗಿ, ಕೊನೆಗೆ ಯಾರದೋ ನಿವೇಶನವಾಗಿ ಪರಿಣಮಿಸುವ ಸಂಭವವಿರುತ್ತದೆ.

ಇದಕ್ಕೆ ಲೆಕ್ಕಪತ್ರದ ಮಗ್ಗುಲೂ ಒಂದಿದೆ. 2004ರ ರಾಷ್ಟ್ರೀಯ ಪೌರ ಲೆಕ್ಕಪತ್ರ ಕೈಪಿಡಿಯ ಪ್ರಕಾರ, ಉಚಿತವಾಗಿ ದೊರೆತ ಭೂಮಿಯನ್ನು ಲೆಕ್ಕಪುಸ್ತಕದಲ್ಲಿ ಒಂದು ರೂಪಾಯಿ ಮೌಲ್ಯಕ್ಕೆ ತೋರಿಸಲಾಗುತ್ತದೆ. ಕೋಟಿಗಟ್ಟಲೆ ಬೆಲೆಬಾಳುವ ಜಾಗವು ತಃಖ್ತೆಯಲ್ಲಿ ರೂ. 1 ಎಂದು ಕಂಡುಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಮಾರಾಟಕ್ಕಿಲ್ಲದ ಆಸ್ತಿಗೆ ಮಾರುಕಟ್ಟೆಯ ದರವನ್ನು ಬರೆಯುವುದಾದರೂ ಏಕೆ? ಆದರೆ ಆ ಒಂದು ರೂಪಾಯಿಯ ನಮೂದು ಇರಲೇಬೇಕು. ನಮೂದೇ ಇಲ್ಲದ ಜಾಗವು ಲೆಕ್ಕಪರಿಶೋಧನೆಯ ಕಣ್ಣಿಗೂ ಬೀಳುವುದಿಲ್ಲ.

ಅಭಿವೃದ್ಧಿಯ ವೆಚ್ಚ, ನಿರ್ವಹಣೆಯ ವೆಚ್ಚ

ನಡಿಗೆಪಥ, ಕಾರಂಜಿ, ಜೋಕಾಲಿ, ವ್ಯಾಯಾಮದ ಸಲಕರಣೆ, ದೀಪಗಳು ಇವೆಲ್ಲವೂ ಬಂಡವಾಳ ವೆಚ್ಚ. ಇದಕ್ಕೆ ಅನುದಾನ ದೊರೆಯುತ್ತದೆ, ಶಿಲಾನ್ಯಾಸವೂ ನಡೆಯುತ್ತದೆ. ಮಾಲಿಯ ಸಂಬಳ, ನೀರು, ವಿದ್ಯುತ್ ಬಿಲ್ಲು, ಪಂಪಿನ ರಿಪೇರಿ ಇವು ಪ್ರತಿ ತಿಂಗಳ ರಾಜಸ್ವ ವೆಚ್ಚ. ಸಾಮಾನ್ಯವಾಗಿ ಸಂಸ್ಥೆಯ ಸ್ವಂತ ಆದಾಯದಿಂದಲೇ ಭರಿಸಬೇಕು. ಆಯವ್ಯಯದಲ್ಲಿ ಎರಡನೆಯದಕ್ಕೆ ಹಣವನ್ನು ಕಾದಿರಿಸದೆ ಮೊದಲನೆಯದನ್ನು ಮಂಜೂರು ಮಾಡಿದಲ್ಲಿ ಎರಡು ಬೇಸಿಗೆಗಳೊಳಗೆ ಹುಲ್ಲುಹಾಸು ಒಣಗುತ್ತದೆ, ಕಾರಂಜಿಯ ತೊಟ್ಟಿಯಲ್ಲಿ ಸೊಳ್ಳೆ ಬೆಳೆಯುತ್ತದೆ. 2015ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಅಮೃತ್ ಯೋಜನೆಯಲ್ಲಿ ಶೇ. 2.5ರವರೆಗಿನ ಹಣವನ್ನು ಮಕ್ಕಳ ಸೌಕರ್ಯಗಳಿರುವ ಉದ್ಯಾನವನಗಳಿಗೆ ಮೀಸಲಿಟ್ಟಾಗ, ಸ್ಥಳೀಯ ನಿವಾಸಿಗಳ ಸಹಭಾಗಿತ್ವದಲ್ಲಿ ನಿರ್ವಹಣಾ ವ್ಯವಸ್ಥೆಯನ್ನು ಮೊದಲು ರೂಪಿಸಬೇಕೆಂದು ಮಾರ್ಗಸೂಚಿಯಲ್ಲಿ ಹೇಳಲಾಗಿತ್ತು. ಈ ಕ್ರಮವು ಇತರ ಅನುದಾನಗಳಿಗೂ ಅನುಸರಿಸಲು ಯೋಗ್ಯವಾಗಿದೆ.

ಕಾಮಗಾರಿ ಮತ್ತು ನಿರ್ವಹಣಾ ಗುತ್ತಿಗೆಗಳಿಗೆ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಅನ್ವಯಿಸುತ್ತದೆ. ನಡಿಗೆಪಥಕ್ಕೆ ಅಡ್ಡ ಬರುವ ಮರವನ್ನು ಗುತ್ತಿಗೆದಾರರು ತಾವಾಗಿಯೇ ಕಡಿಯುವಂತಿಲ್ಲ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅಡಿಯಲ್ಲಿ ವೃಕ್ಷಾಧಿಕಾರಿಯ ಅನುಮತಿ ಅಗತ್ಯ. ಮರಗಳ ಸಂಖ್ಯೆ 50ನ್ನು ಮೀರಿದಲ್ಲಿ ಸಾರ್ವಜನಿಕರ ಆಕ್ಷೇಪಣೆಗಳನ್ನು ಆಹ್ವಾನಿಸತಕ್ಕದ್ದು.

ವೇಳೆ ಮತ್ತು ಬಳಕೆ

ತೆರೆಯುವ ವೇಳೆ ಸಣ್ಣ ವಿಷಯವೆಂದು ತೋರಬಹುದು. ಬೆಂಗಳೂರಿನ ಪಾಲಿಕೆ ಉದ್ಯಾನವನಗಳನ್ನು ಹಿಂದೆ ಮಧ್ಯಾಹ್ನದ ಹೊತ್ತಿನಲ್ಲಿ ಮುಚ್ಚಲಾಗುತ್ತಿತ್ತು. 2024ರಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಲು ಸೂಚಿಸಲಾಯಿತು. ಬೆಳಗಿನ ನಡಿಗೆಗೆ ಬರುವವರಿಗೆ ಇದರಿಂದ ಅಷ್ಟೇನೂ ವ್ಯತ್ಯಾಸವಾಗದು. ಆದರೆ ಬಿಸಿಲಿನಲ್ಲಿ ನೆರಳನ್ನು ಅರಸುವ ವಿತರಣಾ ಕೆಲಸಗಾರರು, ಬೀದಿ ವ್ಯಾಪಾರಿಗಳು ಮತ್ತು ಮನೆಗೆಲಸದ ಮಹಿಳೆಯರಿಗೆ ಉದ್ಯಾನವನದ ಗೇಟು ತೆರೆದಿರಬೇಕಾದದ್ದು ಮಧ್ಯಾಹ್ನದಲ್ಲಿಯೇ. ನಿರ್ವಹಣೆಯನ್ನು ನಿವಾಸಿಗಳ ಸಂಘಕ್ಕೆ ವಹಿಸಿದ ಕಡೆಯೂ ಪ್ರವೇಶವನ್ನು ಸಂಘದ ಸದಸ್ಯರಿಗೆ ಸೀಮಿತಗೊಳಿಸುವಂತಿಲ್ಲ. ಸಂಘಕ್ಕೆ ವಹಿಸಿರುವುದು ಆರೈಕೆಯ ಹೊಣೆಯನ್ನು ಮಾತ್ರ.

ಸಾರ್ವಜನಿಕರು ಪರಿಶೀಲಿಸಬಹುದಾದ ದಾಖಲೆಗಳು

ಉದ್ಯಾನವನದ ಜಾಗದ ಬಗ್ಗೆ ಸಂಶಯವಿದ್ದಲ್ಲಿ ಅನುಮೋದಿತ ಬಡಾವಣೆ ನಕ್ಷೆ, ಜಾಗವನ್ನು ಬಿಟ್ಟುಕೊಟ್ಟ ನೋಂದಾಯಿತ ಪತ್ರ, 1985ರ ಅಧಿನಿಯಮದ ಅಡಿ ಪ್ರಕಟಿತ ಪಟ್ಟಿ, ಆಸ್ತಿ ವಹಿಯ ಪುಟ ಹಾಗೂ ಸಂಬಂಧಿತ ಸಭಾ ನಡವಳಿಯ ಪ್ರತಿಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಸ್ಥಳೀಯ ಸಂಸ್ಥೆಯ ಸಾರ್ವಜನಿಕ ಮಾಹಿತಿ ಅಧಿಕಾರಿಯಿಂದ ಪಡೆಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸತಕ್ಕದ್ದು. ಇವುಗಳಲ್ಲಿ ನಕ್ಷೆಯೇ ಮುಖ್ಯ. ಜಾಗವನ್ನು ಯಾವ ಉದ್ದೇಶಕ್ಕೆ ಮೀಸಲಿಡಲಾಗಿದೆ ಎಂಬುದು ಅದರ ಮೇಲೆಯೇ ಬರೆದಿರುತ್ತದೆ. ನಗರಪಾಲಿಕೆಗಳಲ್ಲಿ ವಾರ್ಡ್ ಸಮಿತಿಯ ಸಭೆಯಲ್ಲಿಯೂ ವಿಷಯವನ್ನು ಮಂಡಿಸಬಹುದು.

ನಗರಸಭೆ ಅಥವಾ ಪುರಸಭೆಯು ಉದ್ಯಾನವನದ ಜಾಗವನ್ನು ಅನ್ಯ ಉದ್ದೇಶಕ್ಕೆ ನೀಡಲು ಠರಾವು ಮಾಡಿದ್ದು ಕಂಡುಬಂದಲ್ಲಿ, ಕರ್ನಾಟಕ ಪೌರಸಭೆಗಳ ಅಧಿನಿಯಮ, 1964ರ ಅಡಿ ಅಂತಹ ಠರಾವಿನ ಜಾರಿಯನ್ನು ತಡೆಹಿಡಿಯುವ ಅಧಿಕಾರವು ಜಿಲ್ಲಾಧಿಕಾರಿಗಳಿಗೆ ಇದೆ. ಮನವಿಯೊಂದಿಗೆ ಠರಾವಿನ ಮತ್ತು ನಕ್ಷೆಯ ಪ್ರತಿಗಳನ್ನು ಲಗತ್ತಿಸಿ, ಕಟ್ಟಡ ಕೆಲಸ ಆರಂಭವಾಗುವ ಮುನ್ನವೇ ಸಲ್ಲಿಸುವುದು ಸೂಕ್ತ.