ಬಾರಿನ ಎದುರು ತುದಿಯಲ್ಲಿದ್ದ ಟೆಲಿಫೋನು

ಕುಡಿತ ಬಿಟ್ಟವರ ಸಭೆ ಎಲ್ಲಿ ನಡೆಯುತ್ತದೆಂದು ಈಗ ಮೊಬೈಲಿನಲ್ಲೇ ನೋಡಬಹುದು. ಬಿಲ್ ವಿಲ್ಸನ್ ಹುಡುಕಿದಾಗ ಆ ಊರಿನಲ್ಲಿ ಅಂಥ ಸಭೆಯೇ ಇರಲಿಲ್ಲ.

1935ರ ಮೇ 11, ಶನಿವಾರ. ಅಮೆರಿಕದ ಆಕ್ರನ್ ನಗರ. ನ್ಯೂಯಾರ್ಕಿನಿಂದ ಬಂದಿದ್ದ ಬಿಲ್ ಅವರ ಷೇರು ವ್ಯವಹಾರ ಕೆಟ್ಟಿತ್ತು. ಕುಡಿತ ಬಿಟ್ಟು ಐದೇ ತಿಂಗಳು. ಮೇಫ್ಲವರ್ ಹೋಟೆಲಿನ ಒಂದು ತುದಿಯಲ್ಲಿ ಬಾರ್, ಇನ್ನೊಂದು ತುದಿಯಲ್ಲಿ ಟೆಲಿಫೋನು, ಪಕ್ಕದಲ್ಲಿ ಚರ್ಚುಗಳ ಪಟ್ಟಿ. ಅವರು ಫೋನ್ ಹಿಡಿದರು. ಪಾದ್ರಿಯೊಬ್ಬರು ಕೊಟ್ಟ ಹೆಸರುಗಳ ಜಾಡಿನಲ್ಲಿ ಹೆನ್ರಿಯೆಟಾ ಸೈಬರ್ಲಿಂಗ್ ಎಂಬಾಕೆ ಸಿಕ್ಕರು. ಬಿಲ್ ಕೇಳಿದ್ದು ವಿಚಿತ್ರ: ಮಾತಾಡಲು ಇನ್ನೊಬ್ಬ ಕುಡುಕ ಬೇಕು!

ಆಕೆಗೆ ಗೊತ್ತಿದ್ದವರು ಸರ್ಜನ್ ಡಾ. ಬಾಬ್ ಸ್ಮಿತ್. ಅವತ್ತು ಡಾಕ್ಟರು ಏಳುವ ಸ್ಥಿತಿಯಲ್ಲಿರಲಿಲ್ಲ. ಮರುದಿನ ಸಂಜೆ ಐದಕ್ಕೆ, ಹದಿನೈದೇ ನಿಮಿಷ ಎಂದು ಹೆಂಡತಿಯ ಬಳಿ ಹೇಳಿಯೇ ಬಂದರು. ಎದ್ದಾಗ ರಾತ್ರಿ ಹನ್ನೊಂದು ದಾಟಿತ್ತು. ಬಿಲ್ ಬುದ್ಧಿ ಹೇಳಲಿಲ್ಲ, ತಮ್ಮ ಕತೆ ಹೇಳಿದರು. ನಮಗೆ ದೊಡ್ಡದೆನಿಸುವುದು ಇದು: ಬಿಲ್ ಹೋದದ್ದು ಡಾಕ್ಟರನ್ನು ಉದ್ಧರಿಸಲು ಅಲ್ಲ, ತಾವು ಬಾರಿಗೆ ಹೋಗದಿರಲು.

ಡಾಕ್ಟರು ನಡುವೆ ಒಮ್ಮೆ ಜಾರಿದರು. ಜೂನ್ 10 ಅವರ ಕೊನೆಯ ಗುಟುಕು. ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿದ ದಿನವೆಂದು ಅದನ್ನೇ ಎಣಿಸುತ್ತಾರೆ. ಆಮೇಲೆ ಇಬ್ಬರೂ ಆಸ್ಪತ್ರೆಗೆ ಹೋಗಿ ಮೂರನೆಯವರನ್ನು ಹುಡುಕಿದರು. 1941ರ ಮಾರ್ಚಿನಲ್ಲಿ ಪತ್ರಿಕೆಯೊಂದರಲ್ಲಿ ಲೇಖನ ಬಂತು. ಸುಮಾರು 2,000 ಇದ್ದ ಸದಸ್ಯರು ವರ್ಷದ ಕೊನೆಗೆ 8,000 ಆದರು.

ನಮ್ಮ ಕಡೆ ಧರ್ಮಸ್ಥಳದ ಮದ್ಯವರ್ಜನ ಶಿಬಿರ ಮುಗಿಸಿದವರ ನವಜೀವನ ಸಮಿತಿಗಳಿವೆ. ಅವುಗಳ ಹುಟ್ಟು ಬೇರೆ, ಆದರೂ ಅಲ್ಲಿಯೂ ಬಿಟ್ಟವರ ಪಕ್ಕ ಬಿಟ್ಟವರೇ ಕೂರುತ್ತಾರೆ. ಎ.ಎ. ಸಭೆಗೆ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. 'ಓಪನ್' ಸಭೆಯಾದರೆ ಮನೆಯವರೂ ಜತೆಗೆ ಹೋಗಬಹುದು.