ಉಳಿದ ಅರ್ಧ

ನಮ್ಮ ದೊಡ್ಡಪ್ಪನವರಿಗೆ ಲಕ್ವ ಹೊಡೆದು ಎಡಗೈ, ಎಡಗಾಲು ಬಿದ್ದುಹೋದಾಗ, ನಡುಮನೆಯಲ್ಲಿದ್ದ ಅವರ ಬರೆಯುವ ಮೇಜನ್ನು ಅಟ್ಟಕ್ಕೇರಿಸಿಬಿಟ್ಟೆವು. “ಇನ್ನು ಬರೆಯುವುದೆಲ್ಲಿ ಬಂತು?” ಎಂದವನು ನಾನೇ. ಬಲಗೈ ನೆಟ್ಟಗಿದೆಯೆಂಬುದು ಯಾರಿಗೂ ಹೊಳೆಯಲಿಲ್ಲ. ಮುಂದೆ ಲೂಯಿ ಪಾಶ್ಚರನ ಚರಿತ್ರೆಯನ್ನೋದುವಾಗ ನನಗೆ ನಾಚಿಕೆಯಾಯಿತು.

1868ರ ಅಕ್ಟೋಬರ್ 19ರಂದು ಪಾಶ್ಚರನಿಗೂ ಎಡಭಾಗವೇ ಬಿದ್ದುಹೋಯಿತು. ಆಗ ಅವನ ವಯಸ್ಸು 45. ಪ್ಯಾರಿಸಿನಲ್ಲಿ ಅವನಿಗಾಗಿ ಪ್ರಯೋಗಶಾಲೆಯೊಂದು ಏಳುತ್ತಿತ್ತು. ಈತ ಬದುಕುವವನಲ್ಲವೆಂದು ಎಣಿಸಿ ಆ ಕೆಲಸವನ್ನು ನಿಲ್ಲಿಸಿದರು. ಹಾಸಿಗೆಯಲ್ಲಿದ್ದ ಪಾಶ್ಚರ್ ಅದನ್ನರಿತು ಬಹಳ ನೊಂದ. ಸುದ್ದಿ ಮೂರನೆಯ ನೆಪೋಲಿಯನ್ ಚಕ್ರವರ್ತಿಗೆ ಮುಟ್ಟಿದ ಮೇಲೆ ಕಟ್ಟಡ ಮತ್ತೆ ಏಳತೊಡಗಿತು. ಕೆಲವೇ ತಿಂಗಳಲ್ಲಿ ಆತ ರೇಷ್ಮೆಹುಳುವಿನ ರೋಗದ ಶೋಧನೆಗಾಗಿ ದಕ್ಷಿಣ ಫ್ರಾನ್ಸಿಗೆ ಹೊರಟ. ಎಡಗೈ ಮತ್ತೆಂದೂ ಪೂರ್ತಿ ಸ್ವಾಧೀನಕ್ಕೆ ಬರಲಿಲ್ಲ. ಕಾಲು ಕೊನೆಯವರೆಗೂ ಕುಂಟಿತು. ಹೆಂಡತಿ ಮರಿ ಅವನು ಹೇಳಿದ್ದನ್ನು ಬರೆದುಕೊಂಡಳು. ಶಿಷ್ಯರು ಅವನ ಕೈಯಾದರು. 1881ರ ನೆರಡಿರೋಗದ ಲಸಿಕೆಯ ಬಹಿರಂಗ ಪರೀಕ್ಷೆ, 1885ರಲ್ಲಿ ಹುಚ್ಚುನಾಯಿ ಕಚ್ಚಿದ ಬಾಲಕನಿಗೆ ಕೊಡಿಸಿದ ಚುಚ್ಚುಮದ್ದು, ಎರಡೂ ಈ ಅರ್ಧ ದೇಹದ ಕೆಲಸಗಳೇ.

ಇನ್ನೊಂದು ಚಿತ್ರ ಅಮೆರಿಕದ್ದು. 1919ರ ಅಕ್ಟೋಬರ್ 2ರಂದು ಅಧ್ಯಕ್ಷ ವುಡ್ರೋ ವಿಲ್ಸನ್ನರಿಗೂ ಎಡಭಾಗವೇ ಹೋಯಿತು. ಅವರಿಗೆ 62 ವರ್ಷ, ರಕ್ತದೊತ್ತಡ ಹಳೆಯದು, 1906ರಲ್ಲೇ ಎಡಗಣ್ಣಿನ ದೃಷ್ಟಿ ಒಮ್ಮೆಲೇ ಕೆಟ್ಟಿತ್ತು. ಕಾಯಿಲೆಯ ನಿಜವನ್ನು ದೇಶದಿಂದ ಮುಚ್ಚಿಟ್ಟರು. ಅವರನ್ನು ಯಾರು ಕಾಣಬೇಕು, ಯಾವ ಕಾಗದ ಒಳಗೆ ಹೋಗಬೇಕು ಎಂಬುದನ್ನು ಪತ್ನಿ ಈಡಿತ್ ನಿರ್ಧರಿಸಿದರು. 1920ರ ಏಪ್ರಿಲ್‌ವರೆಗೆ ಅವರು ಮಂತ್ರಿಮಂಡಲದ ಸಭೆಯಲ್ಲಿ ಕೂಡಲಿಲ್ಲ. ಅಷ್ಟರಲ್ಲಿ ಅವರ ಕನಸಾದ ರಾಷ್ಟ್ರಸಂಘವನ್ನೊಳಗೊಂಡ ಒಪ್ಪಂದವನ್ನು ಸೆನೆಟ್ ಎರಡು ಸಲ ತಳ್ಳಿಹಾಕಿತ್ತು. 1924ರಲ್ಲಿ ಅವರು ತೀರಿಕೊಂಡರು.

ಪಾಶ್ಚರನ ಛಲ ಹೆಚ್ಚು, ವಿಲ್ಸನ್ನರದು ಕಡಿಮೆ ಎಂದು ಇದರಿಂದ ತೀರ್ಮಾನಿಸುವುದು ಅನ್ಯಾಯ. ಮಿದುಳಿನಲ್ಲಿ ಎಷ್ಟು ಭಾಗ ಸತ್ತಿತು, ವಯಸ್ಸೆಷ್ಟು, ಮೊದಲೇ ಪೆಟ್ಟು ಬಿದ್ದಿತ್ತೆ, ರಕ್ತದೊತ್ತಡ, ಸಕ್ಕರೆಕಾಯಿಲೆಗಳಿವೆಯೆ ಎಂಬುದರ ಮೇಲೆ ಮುಂದಿನ ಬಾಳು ನಿಲ್ಲುತ್ತದೆ. ಇವು ನಮ್ಮ ಇಚ್ಛೆಯನ್ನು ಕೇಳುವುದಿಲ್ಲ. ಆದರೆ ವ್ಯಾಯಾಮವನ್ನು ಬೇಗ ಆರಂಭಿಸುವುದು, ರೋಗಿಯ ಮನಸ್ಸು ಕುಗ್ಗಿದ್ದನ್ನು ಗಮನಿಸಿ ಅದಕ್ಕೂ ಚಿಕಿತ್ಸೆ ಕೊಡಿಸುವುದು, ಅವನಿಗೊಂದು ಕೆಲಸವನ್ನುಳಿಸುವುದು ಮನೆಯವರ ಕೈಯಲ್ಲಿದೆ. ಕಟ್ಟಡವನ್ನು ನಿಲ್ಲಿಸಿದ ಆ ಅಧಿಕಾರಿಗಳು ನಾವೇ.

ಮೇಜನ್ನು ಅಟ್ಟದಿಂದಿಳಿಸಿದೆವು. ದೊಡ್ಡಪ್ಪನವರ ಕಾಲು ನೆಟ್ಟಗಾಗಲಿಲ್ಲ. ಆದರೆ ಮರಗಟ್ಟಿದ ಎಡಗೈಯನ್ನು ಕಾಗದದ ಮೇಲೆ ಭಾರಕ್ಕಿಟ್ಟು ಅವರು ಮತ್ತೆ ಬರೆಯತೊಡಗಿದರು. ಎರಡು ವರ್ಷದಿಂದ ಕೇಳದಿದ್ದ ಗದರಿಕೆ ಅಂದು ನಡುಮನೆಯಿಂದ ಕೇಳಿಬಂತು: “ಎಲ್ಲೋ ನನ್ನ ಕನ್ನಡಕ?”